ಅವ್ವನ ಪಗಾರಕ್ಕೆ ಮಗನ ಸಹಿ

ಗರಗ
೧೫-೧೦-೨೦೦೬, ರವಿವಾರ

ಪ್ರೀತಿಯ ಮಗ ಹೊಳೆಯಪ್ಪನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ಮೊದಲು ನಿನ್ನ ಮಣಿಕಟ್ಟಿನ ಸುದ್ದಿ ಹೇಳು. ಬಾವು ಇಳಿಯಿತೇ? ಮುಂಜಾನೆ ಎದ್ದ ಕೂಡಲೇ ಮುಷ್ಟಿ ಕಟ್ಟಲು ಬರುತ್ತದೆಯೇ, ಇಲ್ಲ ಇನ್ನೂ ಸುಮಲತಾನೇ ನಿನ್ನ ಅಂಗಿಯ ಗುಂಡಿ ಹಾಕುತ್ತಾಳೆಯೇ? ಇದೆಲ್ಲ ನನಗೆ ಹೇಗೆ ಗೊತ್ತಾಯಿತು ಎಂದು ಹೆಂಡತಿಯ ಮುಖ ನೋಡಬೇಡ. ಗೋವಾಕ್ಕೆ ಕಾಯಿಪಲ್ಲೆಯ ಟೆಂಪೋ ಒಯ್ಯುವ ನಮ್ಮ ಓಣಿಯ ಉಸ್ಮಾನಸಾಬ ಕಣ್ಣಾರೆ ಕಂಡು ಬಂದು ಹೇಳಿದ. ನಾಲ್ಕು ತಿಂಗಳಿಂದ ನೀನು ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿಲ್ಲವಂತೆ. ನನಗೆ ಬಂದ ಜ್ವರವೇ ನಿನಗೂ ಬಂದಿದೆ, ನೀನು ಮುಚ್ಚಿಟ್ಟಿದ್ದೀ.

ಆದರೆ ನನ್ನನ್ನು ಬೈದು ಪತ್ರ ಹಾಕಲು ಮಾತ್ರ ಮರೆತಿಲ್ಲ. ‘ನಾ ಜೀವಂತ ಇರೂತನಕ ನೀ ಸರ್ಕಾರದ ಮುದುಕರ ಪಗಾರಕ್ಕ ಅರ್ಜಿ ಹಾಕಬ್ಯಾಡ, ಊರಾಗ ನನ್ನ ಮಾನ ಹೋಗ್ತೈತಿ’ ಎಂದು ಬರೆಸಿದ್ದೀ. ಅಕ್ಷರ ಸುಮಲತಾಳದು, ಸೊಕ್ಕು ನಿನ್ನದು. ಗಾರೆ ಹಚ್ಚುವ ಕರಣಿ ಹಿಡಿಯಲಾರದ ಕೈ ಪೆನ್ನನ್ನೂ ಹಿಡಿಯಲಿಲ್ಲ ಎಂದು ನನಗೆ ತಿಳಿಯುವುದಿಲ್ಲವೇ? ಮೂರನೇ ಇಯತ್ತೆಯಷ್ಟೇ ಕಲಿತರೂ ಹೆತ್ತ ಮಗನ ಅಕ್ಷರದ ಗುರುತು ನನಗುಂಟು.

ನಿಮ್ಮಪ್ಪ ತೀರಿಕೊಂಡಾಗ ನಿನ್ನನ್ನು ಹಾಸ್ಟೆಲ್ಲಿಗೆ ಹಾಕಿದೆ. ಪುಕ್ಕಟೆ ಪುಸ್ತಕ, ಪುಕ್ಕಟೆ ಊಟ, ವರ್ಷಕ್ಕೆರಡು ಚಡ್ಡಿ ಎಲ್ಲ ಸರ್ಕಾರದ್ದೇ. ಆಗ ನನ್ನ ಮಾನ ಹೋಯಿತೇನು? ಊಟಕ್ಕೆ ಎರಡನೇ ಸಲ ತಾಟು ಒಡ್ಡುತ್ತಿದ್ದ ಹುಡುಗ ಈಗ ತಾಯಿಗೆ ಮಾನದ ಪಾಠ ಹೇಳುತ್ತಾನೆ!

ಈಗ ನಡೆದದ್ದು ಕೇಳು. ಕಾರಹುಣ್ಣಿಮೆಯ ಹೊತ್ತಿಗೆ ಬಂದ ಜ್ವರ ಮೂರು ದಿನಕ್ಕೆ ಬಿಟ್ಟಿತು, ಕೀಲುಗಳಲ್ಲಿ ಮಾತ್ರ ಬಿಡಾರ ಹೂಡಿತು. ಡಾಕ್ಟರು ಚಿಕುನ್‌ಗುನ್ಯಾ ಎನ್ನುತ್ತಾರೆ. ಹೆಸರು ಕೇಳಿದರೆ ಯಾರದೋ ಮದುವೆಯ ತಿಂಡಿ ಅನ್ನಿಸುತ್ತದೆ. ಓಣಿಗೆ ಓಣಿಯೇ ಗೋಡೆ ಹಿಡಿದು ನಡೆಯಿತು. ನಮ್ಮ ಖಾದಿ ನೂಲುವ ಕೇಂದ್ರದಲ್ಲಿ ನಲವತ್ತು ಚರಕಗಳ ಪೈಕಿ ಆರೋ ಏಳೋ ತಿರುಗುತ್ತಿದ್ದವು. ನೂತ ನೂಲನ್ನು ಸುತ್ತಿದ ಲಡಿ ಎಷ್ಟೋ ಅಷ್ಟೇ ಕೂಲಿ, ಲಡಿ ಇಲ್ಲದಿದ್ದರೆ ಬರಿಗೈ. ನಾನೂ ಹಟ ಹಿಡಿದು ಹೋಗಿ ಕೂತೆ. ಬೆರಳು ನಡುಗಿ ಎಳೆ ಹರಿಯಿತು. ಮತ್ತೆ ಜೋಡಿಸಿದೆ, ಮತ್ತೆ ಹರಿಯಿತು. ಪಕ್ಕದ ಚರಕದ ತಾಜಬಿ ಮೂವತ್ತು ವರ್ಷ ನನ್ನ ತಪ್ಪಿಗೆ ಕಾದು ಕೂತವಳು. ಅವಳೂ ನಗಲಿಲ್ಲ. ಆಗ ನನಗೆ ಖರೇ ಹೆದರಿಕೆಯಾಯಿತು.

ಪಗಾರದ ದಾರಿ ತೋರಿಸಿದವಳು ಅವಳೇ. ಮಕ್ಕಳು ನೋಡಿಕೊಳ್ಳದವರಿಗೆ ಸಿಗುವ ಪಗಾರ ಅದು, ಊರಿನ ಕಂದಾಯ ನೋಡುವ ತಲಾಠಿ ಶಾಂತಯ್ಯನವರು ಮನೆಗೆ ಬಂದು ವಿಚಾರಣೆ ಮಾಡುತ್ತಾರೆ ಎಂದಳು. ‘ಹರಕ ಸೀರಿ ಉಟ್ಕೊಂಡು ಕೂಡ್ರು. ಮಗನ ಸುದ್ದಿ ಕೇಳಿದ್ರ ಕಣ್ಣಾಗ ನೀರು ತಗಿ, ಬಾಯಿ ಮಾತ್ರ ತಗೀಬ್ಯಾಡ’ ಎಂದು ಎರಡು ದಿನ ತಾಲೀಮು ಕೊಟ್ಟಳು. ಹರಕು ಸೀರೆಯನ್ನೇನೋ ಉಟ್ಟೆ. ಆದರೆ ಬಿಸಿಲಲ್ಲಿ ಬಂದ ಮನುಷ್ಯನಿಗೆ ಬೆಲ್ಲ ನೀರು ಕೊಡದೆ, ಚಹಾ ಕೊಡದೆ ಕಳಿಸುವ ಮನೆಯೇ ನಮ್ಮದು? ನೀನು ಕಳಿಸಿದ ಮೀನಿನ ಚಿತ್ರದ ಕಪ್ಪನ್ನು ತೆಗೆದೆ. ಅವರು ಅದನ್ನು ತಿರುಗಿಸಿ ನೋಡಿ ‘ಕಪ್ಪು ಭಾಳ ಛಲೋ ಐತ್ರಿ ಅಜ್ಜಿ’ ಅಂದುಬಿಟ್ಟರು. ಅಷ್ಟೇ. ‘ನನ್ನ ಮಗಾ ಮಡಗಾಂವದಿಂದ ಕಳಿಸ್ಯಾನ್ರೀ! ಹತ್ತು ಮಂದಿ ಕಡಿಂದ ಕೆಲಸಾ ತಗೀತಾನ. ಅವ್ವಾ ಅಂದ್ರ ಜೀವಾ ಬಿಡ್ತಾನ’ ಎಂದೆ. ನೀನು ಕಟ್ಟದ ಎರಡು ಹೋಟೆಲುಗಳನ್ನೂ ನಿನ್ನ ಲೆಕ್ಕಕ್ಕೇ ಸೇರಿಸಿದೆ. ಅವರು ಚಹಾ ಕುಡಿಯುತ್ತ ಎಲ್ಲವನ್ನೂ ಬರೆದುಕೊಂಡು ‘ಪುಣ್ಯವಂತಿ ಅದೀರಿ’ ಎಂದು ಹೇಳಿ ಹೋದರು. ದುಡಿಯುವ ಮಗನಿದ್ದಾನೆ ಎಂದು ಅರ್ಜಿ ವಾಪಸು ಬಂತು. ತಾಜಬಿ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಬಂದು ‘ಹೆತ್ತ ಹೊಟ್ಟಿಗೆ ಬುದ್ಧಿ ಇಲ್ಲಂದ್ರ, ಬಾಯಿಗರೆ ಇರಬಾರ್ದೇನವಾ’ ಎಂದು ಅತ್ತೂ ಬಿಟ್ಟಳು.

ಆದ್ದರಿಂದ ಮಗಾ, ನಿನ್ನ ಮಾನಕ್ಕೆ ಏನೂ ಆಗಿಲ್ಲ. ಸರ್ಕಾರಿ ಕಾಗದದಲ್ಲೇ ದಾಖಲಾಗಿ ಭದ್ರವಾಗಿದೆ. ಒಲೆ ಮಾತ್ರ ಒಂದೇ ಹೊತ್ತು ಉರಿಯುತ್ತದೆ. ರೇಷನ್ ಅಕ್ಕಿ ತಿಂಗಳ ಕೊನೆಯವರೆಗೆ ಬರುವುದಿಲ್ಲ. ಮುಚ್ಚಿಡುವ ಚಾಳಿ ನಿನ್ನೊಬ್ಬನಿಗೇ ಇದೆ ಎಂದು ತಿಳಿಯಬೇಡ.

ಒಳ್ಳೆಯ ಸುದ್ದಿಯೂ ಇದೆ. ಕೇಂದ್ರ ನೋಡಿಕೊಳ್ಳುವ ತ್ರ್ಯಂಬಕರಾಯರು ಕರೆಸಿದ್ದರು. ಎಲ್ಲರ ಕೈಯೂ ಸೋತು ನೂಲು ದಪ್ಪ ಸಣ್ಣ ಬರುತ್ತಿದೆ, ಲಡಿ ಮುಟ್ಟಿ ನೋಡಿ ಬೇರೆ ಮಾಡುವವರು ಬೇಕಂತೆ. ‘ರುಕ್ಮವ್ವಾ, ನಿನ್ನ ಕೈಗೆ ರಜಾ ಕೊಟ್ಟೇನಿ, ಕಣ್ಣಿಗೂ ಬಾಯಿಗೂ ಕೊಟ್ಟಿಲ್ಲ’ ಎಂದರು. ವಾರಕ್ಕೆ ಎರಡು ದಿನದ ಕೆಲಸ. ಹೊಟ್ಟೆಗೆ ಸಾಲದು, ಮನಸ್ಸಿಗೆ ಸಾಕು. ಬೆರಳುಗಳೂ ಸಡಿಲಾಗುತ್ತಿವೆ, ನಿನ್ನೆ ಅರ್ಧ ಲಡಿಯನ್ನು ಎಳೆ ಹರಿಯದೆ ನೂತೆ. ನನ್ನಂಥ ಮುದುಕಿಯ ಕೀಲೇ ತಿರುಗುತ್ತಿರುವಾಗ ನಿನ್ನದು ತಿರುಗದೇ?

ಸುಮಲತಾ, ಎಣ್ಣೆ ಬೆಚ್ಚಗೆ ಮಾಡಿ ಅವನ ಕೈಗೆ ತಿಕ್ಕು. ಕೂಗಿದರೆ ಕೂಗಲಿ, ಗಂಟಲಿಗೇನೂ ಜ್ವರ ಬಂದಿಲ್ಲ. ಮೊಮ್ಮಗಳು ಸೃಷ್ಟಿಯ ಎರಡೂ ಗಲ್ಲಕ್ಕೆ ನನ್ನ ಮುತ್ತು. ಮೂವರೂ ಹೊಟ್ಟೆ ತುಂಬ ಉಂಡು ಗಟ್ಟಿಯಾಗಿರಿ.

ನಿನ್ನ ಅವ್ವ
ರುಕ್ಮವ್ವ

ತಾ.ಕ.: ಈ ಪತ್ರ ಒಯ್ಯಲು ಬಂದ ಉಸ್ಮಾನಸಾಬ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮೊದಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಶುಕ್ರವಾರ ಧಾರವಾಡದ ಕಚೇರಿಗೆ ಹೋಗಿದ್ದೆ. ಮಗನ ಸಹಿ ಇರುವ ಕಾಗದ ತಂದರೆ ಅರ್ಜಿಯನ್ನು ಮತ್ತೆ ನೋಡುತ್ತಾರಂತೆ. ಕಾಗದ ಇದರೊಳಗಿದೆ. ‘ತಾಯಿಯನ್ನು ನೋಡಿಕೊಳ್ಳಲು ನನ್ನಿಂದ ಆಗುವುದಿಲ್ಲ’ ಎಂದು ಅದರಲ್ಲಿ ಅಚ್ಚಾಗಿತ್ತು. ಓದಿ ನಿನಗಿಂತ ಮೊದಲು ನನ್ನ ಹೊಟ್ಟೆ ಉರಿಯಿತು. ಮೇಜಿನ ಹುಡುಗಿಯ ಪೆನ್ನು ಕಸಿದು, ‘ನನ್ನಿಂದ’ ಎಂಬುದರ ಮುಂದೆ ‘ಈಗ’ ಎಂದು ಸೇರಿಸಿದೆ. ‘ಹಂಗೆಲ್ಲಾ ಬರಿಯಂಗಿಲ್ಲರಿ ಅಜ್ಜಿ’ ಅಂದಳು. ‘ಖರೇ ಬರದ್ರ ತಪ್ಪೇನವಾ’ ಅಂದೆ. ಒಳಗೆ ಸಾಹೇಬರಿಗೆ ತೋರಿಸಿ ಬಂದು, ಇರಲಿ ಎಂದಳು. ಅಕ್ಷರ ಸೊಟ್ಟಗಿದೆ, ನಿನಗೆ ಗುರುತು ಹತ್ತುತ್ತದೆ. ಕೆಳಗೆ ಸಹಿ ಮಾಡಿ ಉಸ್ಮಾನಸಾಬ ಮರಳುವಾಗ ಅವನ ಕೈಯಲ್ಲಿ ಕೊಡು. ಕೈ ಬರದಿದ್ದರೆ ಹೆಬ್ಬೆಟ್ಟು ಒತ್ತು. ‘ಈಗ’ ಎಂಬುದರ ಮೇಲೆ ಮಾತ್ರ ಮಸಿ ಬೀಳಬಾರದು.