ಜೇಬಿಲ್ಲದ ಊರು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ವಾರ್ಡಿನಲ್ಲಿ ನಿಂತೂ ನಿಂತೂ ಬಂದ ಸೊಂಟನೋವು ಕಡಿಮೆಯಾಯಿತೆ? ರೋಗಿಗಳಿಗೆಲ್ಲ ಬುದ್ಧಿ ಹೇಳುವ ನರ್ಸಮ್ಮ ತಾನು ಮಾತ್ರ ಮಾತ್ರೆ ನುಂಗುವುದಿಲ್ಲ ಎಂದು ನನಗೆ ಗೊತ್ತು. ಇಲ್ಲಿ ಹೇಗೋ ನಡೆದಿದೆ. ಅಪ್ಪ ಈಗಲೂ ಬೆಳಗಾದರೆ ಅಂಗಡಿ ತೆಗೆದು ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ.

ನಾವು ಚಿಕ್ಕವರಿದ್ದಾಗ ಅಪ್ಪ ಗುಂಡಿಗೆ ಕಾಜಾ ಹಾಕುತ್ತಾ ಹೇಳುತ್ತಿದ್ದ ಸಿನಿಮಾ ಕಥೆ ನೆನಪಿದೆಯಲ್ಲ? ದೋಣಿ ಒಡೆದವರು ಗುಹೆಯೊಳಗೆ ತೇಲಿಹೋಗಿ, ಆಚೆಗೆ ಯಾರಿಗೂ ತಿಳಿಯದ ಊರು ಕಾಣುವುದು. ಅಲ್ಲಿ ಜಗಳವಿಲ್ಲ, ಬೀಗವಿಲ್ಲ, ಯಾರ ಅಂಗಿಗೂ ಜೇಬಿಲ್ಲ. "ಬಚ್ಚಿಡೋಕೆ ಏನೂ ಇಲ್ದಿದ್ರೆ ಜೇಬು ಯಾಕಮ್ಮಾ?" ಎನ್ನುತ್ತಿದ್ದರು. ಮದುವೆಗೆ ಮುಂಚೆ ಒಂದೇ ಸಲ ನೋಡಿದ್ದಂತೆ.

ಅದೇ ಸಿನಿಮಾ ಹೋದ ವಾರ ಹಳೇ ಚಿತ್ರಮಂದಿರಕ್ಕೆ ಮತ್ತೆ ಬಂದಿತ್ತು, ಅಪ್ಪನನ್ನು ಕರೆದುಕೊಂಡು ಹೋದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಮೊದಲ ಸಾಲಿನಲ್ಲೇ ಕೂತರು. ಏನು ಹೇಳಲಿ ಅಕ್ಕಾ! ನಾಯಕ ಒರಗಿದರೆ ಗುಹೆಯ ಬಂಡೆಯೇ ಅಲುಗಾಡುತ್ತಿತ್ತು. ಊರಿನ ಹಿರಿಯ ಉಪದೇಶಕ್ಕೆ ಶುರುವಿಟ್ಟವನು ಮಧ್ಯಂತರವಾದರೂ ಬಾಯಿ ಮುಚ್ಚಲಿಲ್ಲ. ಹಿಂದಿನಿಂದ ಯಾರೋ "ಅಜ್ಜಾ, ಸಾಕು ಮಲ್ಕೋ" ಎಂದು ಕೂಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಪ್ಪ ನಗಲಿಲ್ಲ. ನನ್ನ ತೋಳು ಹಿಡಿದು, "ಪುಟ್ಟೀ, ಎಲ್ರಿಗೂ ಜೇಬಿದ್ಯಲ್ಲೇ?" ಎಂದರು. ಇತ್ತು. ಒಬ್ಬೊಬ್ಬರಿಗೂ ಎರಡೆರಡು.

ಸಿನಿಮಾ ಮುಗಿಸಿ ಬಂದು ಅಪ್ಪ ಮನೆಯ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚುವಾಗ, "ಜೇಬಿಲ್ಲ ಅನ್ನೋದನ್ನ ನಾನೇ ಸೇರಿಸಿ ಹೊಲಿದಿರ್ಬೇಕು ಕಣೇ" ಎಂದರು. ನಿಮ್ಮ ಕಥೆಯೇ ಚೆನ್ನಾಗಿತ್ತಪ್ಪಾ ಎಂದೆ, ಅವರು ಎದ್ದು ಒಳಗೆ ಹೋದರು. ಈಗ ನನ್ನ ಮಗಳು ಕಥೆ ಹೇಳು ತಾತಾ ಎಂದರೂ "ಮರ್ತೋಯ್ತು" ಅನ್ನುತ್ತಾರೆ. ಇಷ್ಟು ವರ್ಷ ಅವರು ಜೋಪಾನ ಮಾಡಿದ್ದ ಊರನ್ನು ನಾನು ಟಿಕೆಟ್ ತೆಗೆಸಿ ಹಾಳುಮಾಡಿದೆನಲ್ಲ ಅಕ್ಕಾ.

ಅಮ್ಮ ನಿನ್ನನ್ನು ಬಹಳ ಕೇಳಿದಳು. ಭಾವನಿಗೆ ನಮಸ್ಕಾರ, ಮಗುವಿನ ಎರಡೂ ಕೆನ್ನೆಗೆ ಮುತ್ತು.

ನಿನ್ನ ತಂಗಿ,
ಪುಟ್ಟಿ

ಬರೆಯಬಾರದು ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ: ಅಪ್ಪನ ಕಣ್ಣು ಹೋಗುತ್ತಿದೆ, ಅಕ್ಕಾ. ಇನ್ನು ಕೆಲವು ತಿಂಗಳಷ್ಟೇ ಎಂದರು ಡಾಕ್ಟರು. ಕಣ್ಣಿರುವಾಗಲೇ ಅವರಿಗೆ ಇಷ್ಟವಾದದ್ದೊಂದನ್ನು ತೋರಿಸೋಣವೆಂದೇ ಕರೆದುಕೊಂಡು ಹೋಗಿದ್ದೆ. ಕಾಡಿಬೇಡಿಯಾದರೂ ರಜೆ ಹಾಕಿ ಬಾ. ಅವರು ನಿನ್ನ ಮುಖ ನೋಡಲಿ.