ಏನೂ ಹೊರದ ಜೋಡಿ ತೊಲೆ

ಗದಗ
ಫೆಬ್ರವರಿ 30, 2319

ಹೌದು, ಮೂವತ್ತೇ. ನಿಮ್ಮ ಕಾಲದಲ್ಲಿ ಬಡಪಾಯಿಯಾಗಿದ್ದ ಫೆಬ್ರವರಿಗೂ ಕೊನೆಗೆ ನ್ಯಾಯ ಸಿಕ್ಕಿದೆ.

ಪೂಜ್ಯ ಸುವರ್ಣಾ ಅಜ್ಜಿಯವರಿಗೆ ಮಹಾನಂದಾಳ ಶರಣಾರ್ಥಿಗಳು.

ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ಈ ಓಲೆ ಮುಟ್ಟುವ ಹೊತ್ತಿಗೆ ನಿಮಗಿನ್ನೂ ಮೂವತ್ತೂ ತುಂಬಿರುವುದಿಲ್ಲ, ಬರೆಯುತ್ತಿರುವ ನನ್ನ ತಲೆಯೋ ಪೂರ್ತಿ ಬೆಳ್ಳಗಾಗಿದೆ. ಆದರೂ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಮುತ್ತಜ್ಜಿ, ಬೇರೆ ಏನೆಂದು ಕರೆಯಲಿ? ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ, ನಮ್ಮ ಪದ ನುಸುಳಿದಲ್ಲಿ ಅರ್ಥವನ್ನೂ ಹೇಳುತ್ತೇನೆ. ಇನ್ನು ತಡೆದುಕೊಳ್ಳಲಾರೆ, ಮೊದಲು ಸುದ್ದಿ ಕೇಳಿ: ನಿಮ್ಮ ಮನೆ ನಾಳೆ ಎದ್ದು ನಿಲ್ಲುತ್ತದೆ!

ಯಾವ ಮನೆ ಎಂದು ಕೇಳುತ್ತೀರೇನೋ. ಅದೇ, ಕಂಪ್ಯೂಟರಿನಲ್ಲಿ ನೀವು ಕಟ್ಟುತ್ತಿರುವ ಮನೆ. ಹೊರದೇಶದ ಯಾರೋ ಮಾಡಿದ ಆ ಸಾಫ್ಟ್‌ವೇರಿನಲ್ಲಿ ಗೋಡೆ ಎಳೆದರೆ ಒಳಗೆ ತಾನಾಗಿ ಮರದ ಚೌಕಟ್ಟು ಬರುತ್ತಿತ್ತಂತೆ. ನಿಮ್ಮ ಊರಿನಲ್ಲಿ ಎಲ್ಲರದ್ದೂ ಸಿಮೆಂಟು, ಇಟ್ಟಿಗೆ. ಹಾಗಾಗಿ ಉಳಿದವರು ಆ ಮರವನ್ನು ಅಳಿಸಿ ಮುಂದೆ ಹೋದರು. ನೀವೊಬ್ಬರೇ ಅದನ್ನು ಇಟ್ಟುಕೊಂಡು, ಗೋಡೆಯ ಚರ್ಮ ಸುಲಿದು, ಒಳಗಿನ ಸಣ್ಣ ಕಂಬ, ಮೇಲಿನ ಪಟ್ಟಿ, ಮಾಳಿಗೆಯ ತೊಲೆ, ಜಂತೆ ಒಂದೊಂದನ್ನೂ ಕೈಯಿಂದ ಸರಿಸಿ ಕೂರಿಸಿದಿರಿ. ಕಿಟಕಿಯ ಕೆಳಗೆ ನೀರು ಒಳಕ್ಕೆ ಇಳಿಯದಂತೆ ತಗಡನ್ನು ಯಾವ ಕಡೆಗೆ ಮಡಿಸಬೇಕೆಂಬುದನ್ನೂ ಬಿಡಲಿಲ್ಲ. ಫೈಲಿಗೆ ಇಟ್ಟ ಹೆಸರು ‘ಮನೆ ಫೈನಲ್’, ಆಮೇಲೆ ‘ಮನೆ ಫೈನಲ್ ಖರೇ’, ಆಮೇಲೆ ‘ಮನೆ ಇದೇ ಫೈನಲ್’. ಹಿತ್ತಾಳೆಯ ಹಂಡೆಯ ಹಾಗೆ ಅದು ತಾಯಿಯಿಂದ ಮಗಳಿಗೆ ದಾಟುತ್ತಾ ನನ್ನ ತನಕ ಬಂದಿದೆ. ಆ ಹೆಸರುಗಳನ್ನು ಓದಿ ನಾನೂ ನನ್ನ ಮಗಳು ಕಸ್ತೂರಿಯೂ ಹೊಟ್ಟೆ ಹಿಡಿದು ನಕ್ಕಿದ್ದೇವೆ. ನಕ್ಕದ್ದು ಪ್ರೀತಿಯಿಂದ.

ನಮ್ಮ ಕಾಲದಲ್ಲಿ ಸಿಮೆಂಟಿಲ್ಲ. ಬಿದಿರನ್ನು ಸೀಳಿ, ಒತ್ತಿ, ಕಬ್ಬಿಣಕ್ಕೆ ಸಾಟಿಯಾಗುವ ತೊಲೆ ಮಾಡುತ್ತೇವೆ. ನಿಮ್ಮ ಚೌಕಟ್ಟು ಅದಕ್ಕೆ ಅಳತೆ ಕೊಟ್ಟು ಹೊಲಿಸಿದ ಕುಪ್ಪಸದಂತೆ ಹೊಂದುತ್ತದೆ. ಪ್ರತಿ ಓಣಿಗೂ ಒಂದು ಬಿದಿರ ಮೆಳೆ ಇದೆ, ಮನೆ ಕಟ್ಟುವವರಿಗೆ ಅದರಲ್ಲೊಂದು ಪಾಲು. ಯುಗಾದಿ ಕಳೆದರೆ ಮೆಳೆಗೆ ಕತ್ತಿ ಹಾಕುವಂತಿಲ್ಲ, ಮತ್ತೆ ದೀಪಾವಳಿಯ ತನಕ ಕಾಯಬೇಕು. ಕಸ್ತೂರಿಗೆ ದಿನ ತುಂಬುತ್ತಿದೆ. ನಾವಿರುವುದು ತಂಗುಮನೆಯಲ್ಲಿ. ಮನೆ ಏಳುವ ತನಕ ನಾಲ್ಕಾರು ಸಂಸಾರ ಒಟ್ಟಿಗಿರುವ ಜಾಗ ಅದು, ಒಬ್ಬರು ಸೀನಿದರೆ ಎಲ್ಲರಿಗೂ ಎಚ್ಚರ. ನನ್ನ ಮಗಳ ಕೂಸು ತನ್ನ ಸ್ವಂತ ಮನೆಯಲ್ಲಿ ಕಣ್ಣು ಬಿಡಬೇಕು ಎಂಬುದೊಂದೇ ನನ್ನ ಹಟವಾಗಿತ್ತು.

ಅದಕ್ಕೆ ಮೊದಲು ನೆರಳೊಕ್ಕಲು ಆಗಬೇಕಿತ್ತು. ನೀವು ಕಟ್ಟಿದ ಮೇಲೆ ಮನೆಯೊಕ್ಕಲು ಮಾಡುತ್ತೀರಿ, ನಾವು ಕಟ್ಟುವ ಮೊದಲೂ ಒಂದು ಮಾಡುತ್ತೇವೆ. ಖಾಲಿ ಜಾಗದಲ್ಲಿ ಬೆಳಕಿನ ಗೆರೆಗಳಿಂದ ಇಡೀ ಮನೆಯನ್ನು ಅದರ ನಿಜ ಅಳತೆಯಲ್ಲಿ ನಿಲ್ಲಿಸಿ, ಬೆಳಿಗ್ಗೆಯಿಂದ ದೀಪ ಹಚ್ಚುವ ತನಕ ಅದರೊಳಗೆ ಸಂಸಾರ ಮಾಡುತ್ತೇವೆ. ಒಲೆಯ ಜಾಗದಲ್ಲಿಯೇ ಒಲೆ ಹೂಡಿ ಅಡಿಗೆ, ಬಾಗಿಲಿದ್ದಲ್ಲಿಯೇ ಹೋಗಿ ಬರುವುದು. ಅವಸರದಲ್ಲಿ ಗೋಡೆಯೊಳಗಿಂದ ನುಗ್ಗಿದವರಿಗೆ ಓಣಿಯವರ ನಗೆ ತಪ್ಪಿದ್ದಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನೀವು ಹೇಳುತ್ತಿದ್ದಿರಿ. ಕಟ್ಟುವ ಮೊದಲು ಇದ್ದು ನೋಡು ಎಂಬುದು ನಮ್ಮ ಮಾತು. ಇಡೀ ಓಣಿ ಬಂದು, ಉಂಡು, ಮನಸಾರೆ ತಪ್ಪು ಹುಡುಕಿ, ಒಪ್ಪಿದ ಮೇಲೆಯೇ ಮೆಳೆಯ ಬೇಲಿ ಬಾಗಿಲಿನ ಕೀಲಿ ಕೈಗೆ ಸಿಗುವುದು.

ಹೋದ ವಾರ ನಡೆದ ನೆರಳೊಕ್ಕಲಿನಲ್ಲಿ ನಿಮ್ಮ ಮನೆ ಒಂದೊಂದೇ ಪರೀಕ್ಷೆಯನ್ನು ಗೆಲ್ಲುತ್ತಾ ಬಂತು. ಪಡುವಣ ಗಾಳಿ ಬೀಸುವ ಕಡೆಗೇ ಪಡಸಾಲೆಯ ಕಿಟಕಿ ಇತ್ತು. ಅಡಿಗೆ ಮನೆಯಿಂದ ತಲೆಬಾಗಿಲು ಕಾಣುತ್ತದೆಂದು ಪಕ್ಕದ ಮನೆಯ ದ್ಯಾಮವ್ವ ಕೂಡ ಮೆಚ್ಚಿದಳು. ಏನನ್ನೂ ಮೆಚ್ಚದಿರುವುದೇ ಅವಳ ವ್ರತ! ನಾನು ಬೀಗುತ್ತಾ ಓಡಾಡುತ್ತಿದ್ದೆ. ಆಗ ಮೆಳೆಯ ಪಾಲು ನೋಡಿಕೊಳ್ಳುವ ಬಸವಂತಪ್ಪನವರು ತಲೆ ಎತ್ತಿ, ಪಡಸಾಲೆಯ ಮೇಲಿನ ತೊಲೆಯನ್ನು ದಿಟ್ಟಿಸಿದರು. ಉಳಿದ ಕಡೆ ಒಂದೊಂದೇ ತೊಲೆ, ಅಲ್ಲಿ ಮಾತ್ರ ಎರಡನ್ನು ಜೋಡಿಸಿ, ಪಕ್ಕದ ತೊಲೆಗಳಿಗೆ ಅಡ್ಡ ತುಂಡು ಕೊಟ್ಟು ಬಿಗಿದಿದ್ದಿರಿ. ಮೇಲೆ ಗೋಡೆಯಿಲ್ಲ, ಭಾರವಿಲ್ಲ.

“ಏನೂ ಹೊರದ ತೊಲಿಗೆ ಬಿದಿರು ಯಾಕ ದಂಡ ಮಾಡ್ತೀರಿ? ತಗದ್ರ ಇವತ್ತ ಕೀಲಿ ಕೊಡ್ತೀನಿ. ಇಲ್ಲಾಂದ್ರ ದೀಪಾವಳಿಗೆ ನೋಡೂಣು” ಎಂದರು.

ಅವರ ಮಾತು ತಪ್ಪಲ್ಲ, ಅಜ್ಜಿ. ಓಣಿಯ ಬಿದಿರು ಎಲ್ಲರದ್ದು. ನಾನು ಮಗಳ ಹೊಟ್ಟೆ ನೋಡಿದೆ, ತೊಲೆ ನೋಡಿದೆ. ತೆಗೆಯಿರಿ ಎಂದರೆ ಮುಗಿಯುತ್ತಿತ್ತು. ಆದರೆ ಕಿಟಕಿಯ ತಗಡಿನ ಮಡಿಕೆಯನ್ನೂ ಮರೆಯದ ಹೆಂಗಸು ಸುಮ್ಮನೆ ಜೋಡಿ ತೊಲೆ ಇಟ್ಟಾಳೆಯೇ? ಈ ಜೀವಕ್ಕೆ ಅದು ಒಪ್ಪಿಗೆಯಾಗಲಿಲ್ಲ. “ಕಾರಣ ಐತಿ, ತಡೀರಿ” ಎಂದೆ. ಆ ಕಾರಣವನ್ನು ಹುಡುಕುತ್ತಾ ತೊಲೆಯ ಕೆಳಗೇ ಬಂದು ನಿಂತೆ.

ಆ ತೊಲೆಯ ಕೆಳಗೆ ನೆಲದ ಮೇಲೆ ಇನ್ನೊಂದು ಒಗಟಿತ್ತು. ನಾಲ್ಕು ಕಾಲು, ಸುತ್ತ ಕಟಕಟೆ, ಮೇಲೆ ಬಾಯಿ ತೆರೆದ ಪೆಟ್ಟಿಗೆ. ನಾವೆಲ್ಲ ಅದನ್ನು ಕೋಳಿಗೂಡು ಎಂದುಕೊಂಡಿದ್ದೆವು. ಪಡಸಾಲೆಯಲ್ಲಿ ಕೋಳಿ ಸಾಕಿದ ಅಜ್ಜಿ ಎಂದು ನಿಮ್ಮ ಬಗ್ಗೆ ಓಣಿಯಲ್ಲಿ ಮಾತಾಗಿತ್ತು, ಕ್ಷಮಿಸಿ. ಕಸ್ತೂರಿ ಅದರ ಪಕ್ಕ ಕೂತು ದಣಿವಾರಿಸಿಕೊಳ್ಳುತ್ತಿದ್ದಳು. “ಅವ್ವಾ, ಇದು ಮೊದಲ ಎಲ್ಲಿತ್ತು?” ಎಂದು ಕೇಳಿದಳು. ಆಗ ನೆನಪಾಯಿತು. ನಮ್ಮಲ್ಲಿ ಹಳೆಯ ಮನೆಗಳ ಫೈಲು ತೆರೆದಾಗ ‘ತಿದ್ದುಗ’ ಎಂಬ ಯಂತ್ರ ಬಿಟ್ಟುಹೋದ ಸಂದು ಮುಚ್ಚಿ, ಗಾಳಿಯಲ್ಲಿ ತೇಲುವ ಸಾಮಾನನ್ನು ನೆಲಕ್ಕೆ ಇಳಿಸುತ್ತದೆ. ಈ ಗೂಡನ್ನೂ ಅದೇ ಇಳಿಸಿತ್ತು. ತಿದ್ದಿದ್ದನ್ನು ರದ್ದು ಮಾಡಿ, ನೀವು ಇಟ್ಟ ಹಾಗೆಯೇ ತೋರಿಸೆಂದು ಯಂತ್ರಕ್ಕೆ ಹೇಳಿದೆ.

ಗೂಡು ಮೆಲ್ಲಗೆ ಮೇಲೆದ್ದು, ಜೋಡಿ ತೊಲೆಯ ನೇರ ಕೆಳಗೆ, ಹೆಂಗಸಿನ ಸೊಂಟದ ಎತ್ತರಕ್ಕೆ ಬಂದು ನಿಂತಿತು. ಕಸ್ತೂರಿ ಎದ್ದು ನಿಂತಳು. ಅವಳ ಕೈ ತಾನಾಗಿ ಅದರ ಅಂಚಿಗೆ ಹೋಯಿತು, ಬೆಳಕಿನ ಗೆರೆಯನ್ನು ಮೆಲ್ಲಗೆ ತಳ್ಳಿತು.

“ಅಯ್ಯ ನನ ಶಿವನ, ಕೋಳಿಗೂಡಲ್ಲ, ತೊಟ್ಟಿಲಾ!” ದ್ಯಾಮವ್ವನೇ ಕೂಗಿದ್ದು.

ತೊಟ್ಟಿಲು! ಆ ಹೊರದೇಶದ ಸಾಫ್ಟ್‌ವೇರಿನ ಉಗ್ರಾಣದಲ್ಲಿ ಚಳಿ ಕಾಯಿಸುವ ಬೆಂಕಿಗೂಡು ಇತ್ತು, ಸ್ನಾನದ ತೊಟ್ಟಿ ಇತ್ತು, ತೂಗುವ ತೊಟ್ಟಿಲು ಮಾತ್ರ ಇರಲಿಲ್ಲ. ಇದ್ದದ್ದು ಅವರ ಮಕ್ಕಳು ಮಲಗುವ ಕಟಕಟೆಯ ಮಂಚ. ನೀವು ಅದನ್ನೇ ತಂದು, ಗಾಳಿಯಲ್ಲಿ ಎತ್ತಿ ನಿಲ್ಲಿಸಿ, ಹಗ್ಗದಲ್ಲಿ ತೂಗುವ ತೊಟ್ಟಿಲ ಭಾರ ತಡೆಯಲು ತೊಲೆಯನ್ನು ಜೋಡಿ ಮಾಡಿದಿರಿ. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಬಸವಂತಪ್ಪನವರು ಕೀಲಿಯನ್ನು ಕಸ್ತೂರಿಯ ಉಡಿಗೇ ಹಾಕಿ, “ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ. ಈ ಮುದುಕಿ ಮನಿ ಏಳೂಕಿಂತ ಮೊದಲ ತೊಟ್ಟಿಲಾ ಕಟ್ಟ್ಯಾಳ” ಎಂದು ನಕ್ಕರು. ನಿಮ್ಮನ್ನು ಮುದುಕಿ ಎಂದದ್ದಕ್ಕೆ ಅವರ ಪರವಾಗಿಯೂ ಕ್ಷಮೆ ಕೇಳುತ್ತೇನೆ.

ಈಗ ಅಂಗಳದಲ್ಲಿ ತೊಲೆಗಳನ್ನು ಒಟ್ಟಿದ್ದೇವೆ, ಹಸಿ ಬಿದಿರಿನ ವಾಸನೆ ಮೂಗಿಗೆ ಹಬ್ಬ ಮಾಡುತ್ತಿದೆ. ನಾಳೆ ಓಣಿಯವರೆಲ್ಲ ಕೈ ಹಚ್ಚಿ ಗೋಡೆಗಳನ್ನು ಎತ್ತುತ್ತಾರೆ. ಜೋಡಿ ತೊಲೆಯನ್ನು ಏರಿಸುವಾಗ ಒಂದು ತುದಿಗೆ ನನ್ನ ಹೆಗಲೇ ಎಂದು ಜಗಳ ಮಾಡಿ ಗೆದ್ದಿದ್ದೇನೆ.

ಅಜ್ಜಿ, ಇಷ್ಟೆಲ್ಲ ಬರೆದದ್ದು ಒಂದು ಬೇಡಿಕೆಗಾಗಿ. ನೀವು ಮಾಡಿದ ಬದಲಾವಣೆಗಳ ಗುರುತೆಲ್ಲ ಫೈಲಿನೊಳಗೇ ಉಳಿದಿದೆ. ಆ ಮಂಚವನ್ನು ನೀವು ಹಲವು ಸಲ ಮೇಲೆತ್ತಿದ್ದೀರಿ, ಹಲವು ಸಲ ಇಳಿಸಿದ್ದೀರಿ. ‘ವಸ್ತು ನೆಲ ಮುಟ್ಟಿಲ್ಲ’ ಎಂದು ಸಾಫ್ಟ್‌ವೇರು ಗದರಿತೋ, ಪಕ್ಕದಲ್ಲಿ ಕೂತವರು ನಕ್ಕರೋ, ಇನ್ನೂ ಬಾರದ ಕೂಸಿಗಾಗಿ ಇಷ್ಟು ಆಸೆ ಯಾಕೆಂದು ನಿಮಗೇ ಅನ್ನಿಸಿತೋ, ನನಗೆ ತಿಳಿಯದು. ಒಮ್ಮೆ ಕೆಳಗಿಳಿಸಿದ ಮೇಲೆ ತುಂಬ ಹೊತ್ತು ನೀವು ಏನನ್ನೂ ಮುಟ್ಟದೆ ಕೂತಿದ್ದೀರಿ. ಈ ಓಲೆಯನ್ನು ಆ ಹೊತ್ತಿಗೇ ಸೇರಲೆಂದು ಕಳಿಸುತ್ತಿದ್ದೇನೆ. ನಕ್ಕವರು ನಗಲಿ.

ಮೇಲಕ್ಕೆತ್ತಿ ಬಿಡಿ, ಅಜ್ಜಿ. ನಿಮ್ಮ ಕೂಸು ಬರುತ್ತದೆ. ಬಂದದ್ದಕ್ಕೇ ನಾನು ಬರೆಯುತ್ತಿದ್ದೇನೆ.