ಏಳನೆಯ ಮಡಿಗೆ ಬಿದ್ದ ಗೊಬ್ಬರ

ಮಾರ್ಚ್ ೯, ಸೋಮವಾರ

ನನ್ನ ಪುಟ್ಟಿಗೆ ಅಮ್ಮನ ಪ್ರೀತಿ.

ಓದುವ ಮೊದಲು ಕೂತುಕೋ. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಫೋನು, ನಡುವೆ ಅಮ್ಮನ ಪತ್ರ ಅಂತ ಓದಬೇಡ. ನಾನು ಚೆನ್ನಾಗಿದ್ದೇನೆ. ಮೊಣಕಾಲು ನೋವು ಇದ್ದ ಹಾಗೇ ಇದೆ, ನಿನ್ನ ದೊಡ್ಡಮ್ಮ ಎಂದಿನಂತೆ ನನ್ನ ತಲೆ ತಿನ್ನುತ್ತಿದ್ದಾಳೆ. ಕ್ಷೇಮಸಮಾಚಾರ ಇಷ್ಟೇ. ಈಗ ಬರೆಯುವುದನ್ನು ಫೋನಿನಲ್ಲಿ ಹೇಳಲು ನಾಲ್ಕು ಸಲ ಹೊರಟೆ. ನಾಲ್ಕು ಸಲವೂ ನೀನು "ಅಮ್ಮಾ, ಗುರುವಾರ ಒಂದು ಮುಗೀಲಿ, ಆಮೇಲೆ ಮಾತಾಡೋಣ" ಎಂದೆ. ಗುರುವಾರ ಮುಗಿದ ಮೇಲೆ ಹೇಳಿ ಏನೂ ಪ್ರಯೋಜನವಿಲ್ಲ ಪುಟ್ಟಿ.

ನೀನು ಕಳಿಸಿದ ಕರಪತ್ರದ ಕರಡು ಶನಿವಾರ ಬಂತು. ಬೆಳೆಗಾರರಿಗೆ ಹಂಚಲು ವಿಶ್ವವಿದ್ಯಾಲಯ ಅಚ್ಚು ಹಾಕಿಸುವ ಹಾಳೆ, ಅದರಲ್ಲಿ ನಿನ್ನ ಹೆಸರು ಅಷ್ಟು ದಪ್ಪ ಅಕ್ಷರದಲ್ಲಿ. ದೊಡ್ಡಮ್ಮ ಅದನ್ನು ಹಿಡಿದುಕೊಂಡು ಅಕ್ಕಪಕ್ಕದ ಮನೆಗಳಿಗೆಲ್ಲ ಒಂದು ಸುತ್ತು ಹಾಕಿ ಬಂದಳು. ನಾನು ಎರಡನೇ ಪ್ಯಾರಾದಲ್ಲೇ ನಿಂತುಬಿಟ್ಟೆ. ರಂಜಕದ ಗೊಬ್ಬರವನ್ನು ಹತ್ತು ವರ್ಷ ನಿಲ್ಲಿಸಿದರೂ ಚಿಂತೆಯಿಲ್ಲ, ಮಣ್ಣು ತಾನೇ ಆಳದಿಂದ ರಂಜಕವನ್ನು ಮೇಲಕ್ಕೆ ತಂದುಕೊಳ್ಳುತ್ತದೆ, ನಮ್ಮ ಅರವತ್ತು ವರ್ಷದ ಪ್ರಯೋಗದ ಏಳನೆಯ ಮಡಿಯೇ ಇದಕ್ಕೆ ಸಾಕ್ಷಿ ಎಂದು ಬರೆದಿದ್ದೀಯ. ಗುರುವಾರ ಸಮಿತಿಯ ಮುಂದೆ ನಿಂತು ಇದನ್ನೇ ಹೇಳುತ್ತೀಯ. ಅವರು ಒಪ್ಪಿದರೆ ಕರಪತ್ರ ಅಚ್ಚಿಗೆ ಹೋಗುತ್ತದೆ. ಆ ಪ್ರಯೋಗದ ಹೊಲವನ್ನು ಮಟ್ಟ ಮಾಡಿ ಸಭಾಂಗಣ ಕಟ್ಟುವ ಯೋಜನೆಯೂ ಬಿದ್ದುಹೋಗುತ್ತದೆ. ಅದೆಲ್ಲ ಗೊತ್ತಿದ್ದೂ ಹೇಳುತ್ತಿದ್ದೇನೆ. ಆ ಮಡಿ ಯಾವುದಕ್ಕೂ ಸಾಕ್ಷಿಯಲ್ಲ. ಅದಕ್ಕೆ ಗೊಬ್ಬರ ಬಿದ್ದಿದೆ. ಹಾಕಿದವಳು ನಾನು.

ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ.

ಆ ಹೊಲದ ಕಥೆ ನಿನಗೆ ಪುಸ್ತಕದಿಂದ ಗೊತ್ತು, ನನಗೆ ಕಾಲಿನಿಂದ ಗೊತ್ತು. ವಿಶ್ವವಿದ್ಯಾಲಯ ಎಂಬ ಬೋರ್ಡು ಏಳುವ ಮೊದಲು ಅಲ್ಲಿದ್ದದ್ದು ಸೈನ್ಯದವರು ಬಿಟ್ಟುಹೋದ ಕುದುರೆ ಲಾಯ. ಮೊದಲ ವರ್ಷದ ತರಗತಿಗಳು ಆ ಲಾಯದಲ್ಲೇ ನಡೆದದ್ದು. ಪಾಠಕ್ಕೆ ಮೊದಲು ಎಲ್ಲರೂ ಎರಡು ಗಂಟೆ ಗುದ್ದಲಿ ಹಿಡಿಯಬೇಕಿತ್ತಂತೆ, ಬಾಗಿಲಲ್ಲಿ ಅಂಗೈ ತೋರಿಸಬೇಕಿತ್ತಂತೆ, ಬೊಬ್ಬೆ ಎದ್ದಿರದಿದ್ದರೆ ವಾಪಸ್ಸು ಹೊಲಕ್ಕೆ. ಆ ಅಂಗೈ ನೋಡುತ್ತಿದ್ದವರೇ ಮಣ್ಣಿನ ಮೇಷ್ಟ್ರು. ಕಾಲುವೆಯ ಪಕ್ಕದಲ್ಲಿ ಹಗ್ಗ ಹಿಡಿದು ಹನ್ನೆರಡು ಮಡಿ ಅಳೆದವರೂ ಅವರೇ. ಒಂದೊಂದು ಮಡಿಗೆ ಒಂದೊಂದು ಬಗೆಯ ಗೊಬ್ಬರ ಗೊತ್ತುಮಾಡಿ, ಏಳನೆಯದಕ್ಕೆ ಮಾತ್ರ ಎಂದೆಂದಿಗೂ ಏನೂ ಕೂಡದು ಎಂದರು. ನಾನು ಕೆಲಸಕ್ಕೆ ಸೇರಿದ ದಿನ ನನಗೂ ಹೇಳಿದರು: "ಒಂದು ಹಿಡಿನೂ ಬೀಳಬಾರ್ದಮ್ಮ. ಮಿಕ್ಕ ಹನ್ನೊಂದು ಮಡಿ ಎಷ್ಟು ಜಂಬ ಕೊಚ್ಕೋತಾವೆ ಅನ್ನೋದು ಗೊತ್ತಾಗೋದೇ ಇದರಿಂದ."

ಹುಡುಗರು ಅದಕ್ಕೆ ಬಡಪಾಯಿ ಎಂದು ಹೆಸರಿಟ್ಟಿದ್ದರು. ಗೇಣುದ್ದ ಮೆಕ್ಕೆಜೋಳ, ಹಳದಿ ಎಲೆ. ಹಾಸ್ಟೆಲಿಗೆ ಯಾವನಾದರೂ ಸಣಕಲ ಸೇರಿದರೆ ಪದವಿ ಮುಗಿಯುವವರೆಗೆ ಅವನೂ ಬಡಪಾಯಿಯೇ. ಪರೀಕ್ಷೆಯಲ್ಲಿ ನಪಾಸಾದವರು ಸಂಜೆ ಬಂದು ಅದರ ಬದುವಿನ ಮೇಲೆ ಕೂತು ಸಮಾಧಾನ ಮಾಡಿಕೊಳ್ಳುತ್ತಿದ್ದರು. ನೀನು ಅದೇ ಬದುವಿನ ಮೇಲೆ ಅಂಬೆಗಾಲಿಟ್ಟವಳು.

ನಿನಗೆ ಆಗ ನಾಲ್ಕು ವರ್ಷ. ನಿಮ್ಮಪ್ಪ ನಮ್ಮನ್ನು ಬಿಟ್ಟುಹೋಗಿ ಆರು ತಿಂಗಳಾಗಿತ್ತು. ನಾನು ಹೊಲಕ್ಕೆ ಗೊಬ್ಬರ ಹರಡಿ ದಾಖಲೆ ಬರೆಯುವವಳು, ಕೆಲಸ ಇನ್ನೂ ಹಂಗಾಮಿ. ಕಾಯಂ ಮಾಡುವ ಆದೇಶ ಸಹಿಗಾಗಿ ಕುಲಸಚಿವರ ಮೇಜಿನ ಮೇಲೆ ಕೂತಿತ್ತು. ಆ ಸಹಿ ಬೀಳದಿದ್ದರೆ ವಸತಿಗೃಹ ಖಾಲಿ ಮಾಡಬೇಕಿತ್ತು. ಇದನ್ನು ನೆಪ ಅಂತ ಬೇಕಾದರೆ ಅಂದುಕೋ. ನಾನೂ ಹಾಗೇ ಅಂದುಕೊಂಡಿದ್ದೇನೆ, ಬಹಳ ಸಲ.

ಆರನೆಯ ಮಡಿಗೆ ರಂಜಕ ಮಾತ್ರ, ಅದೂ ಐದು ವರ್ಷದ್ದು ಒಂದೇ ಸಲಕ್ಕೆ, ಆರು ಚೀಲ. ಆ ವರ್ಷ ಅದರ ಸರದಿ. ಉಳುಮೆಯ ದಿನ ಟ್ರ್ಯಾಕ್ಟರಿನವನು ಗಾಡಿ ತಿರುಗಿಸಲು ಆರನೆಯ ಮತ್ತು ಏಳನೆಯ ಮಡಿಯ ಗೂಟಗಳನ್ನು ಕಿತ್ತು, ಆಮೇಲೆ ಅದಲುಬದಲಾಗಿ ನೆಟ್ಟು ಹೋಗಿದ್ದ. ಮಡಿಯನ್ನು ಕಾಲುವೆ ಕಡೆಯಿಂದ ಎಣಿಸಿಕೊಂಡು ಬರಬೇಕು, ಗೂಟವನ್ನು ನಂಬಬಾರದು ಎಂಬುದು ಅಲ್ಲಿ ಕೆಲಸ ಮಾಡುವವರೆಲ್ಲ ಮೊದಲ ವಾರದಲ್ಲೇ ಕಲಿಯುವ ಪಾಠ. ನಿನಗೆ ಜ್ವರ, ಪಕ್ಕದ ಮನೆಯಾಕೆಯ ಹತ್ತಿರ ಬಿಟ್ಟು ಬಂದಿದ್ದೆ. ಆವತ್ತು ಎಣಿಸಲಿಲ್ಲ. ಆರು ಎಂಬ ಗೂಟ ನೋಡಿದೆ, ಚೀಲ ಬಿಚ್ಚಿದೆ, ಆರು ಚೀಲವನ್ನೂ ಮಡಿಯ ಈ ತುದಿಯಿಂದ ಆ ತುದಿವರೆಗೆ ಹರಡಿದೆ.

ಕೊಯ್ಲಿನ ದಿನ ತೆನೆ ತೂಗುವಾಗಲೇ ನನಗೆ ಗೊತ್ತಾದದ್ದು. ಬಡಪಾಯಿಯ ತೆನೆ ಎತ್ತಿದರೆ ಕೈ ಜಗ್ಗಿತು. ಓಡಿಹೋಗಿ ಕಾಲುವೆಯಿಂದ ಎಣಿಸಿದೆ, ಅದು ಏಳನೆಯದು. ಗೂಟ ಸರಿ ಮಾಡಿದೆ. ನಿಜವಾದ ತೂಕವನ್ನು ಒಂದು ಚೀಟಿಯಲ್ಲಿ ಬರೆದು ಸೆರಗಿಗೆ ಗಂಟು ಹಾಕಿಕೊಂಡೆ. ದಾಖಲೆ ಪುಸ್ತಕದಲ್ಲಿ ಹಿಂದಿನ ವರ್ಷದ ಅಂಕಿಗಿಂತ ಚೂರು ಕಮ್ಮಿ ಬರೆದೆ. ಮಣ್ಣಿನ ಮೇಷ್ಟ್ರಿಗೆ ನಿವೃತ್ತಿಗೆ ಒಂದು ವರ್ಷವಿತ್ತು, ಕಣ್ಣು ಮಂಜಾಗಿತ್ತು. ಪೆನ್ನು ಹಿಡಿದು, "ನಮ್ಮ ಬಡಪಾಯಿ ಹೆಂಗಿದಾನಮ್ಮ?" ಎಂದರು. "ಹಂಗೇ ಇದಾನೆ ಸಾರ್" ಎಂದೆ. ಓದದೆ ಸಹಿ ಹಾಕಿದರು. ನಾನು ಬರೆದದ್ದನ್ನು ಅವರು ಯಾವತ್ತೂ ಓದಿ ನೋಡುತ್ತಿರಲಿಲ್ಲ. ಅಷ್ಟು ನಂಬಿಕೆ. ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಯಿತು.

ನೀನು ಅದೇ ಹೊಲದ ಮೇಲೆ ಡಾಕ್ಟರೇಟು ಮಾಡುತ್ತೇನೆ ಎಂದಾಗ ಬೇಡ ಎಂದು ಕುಣಿದಾಡಿದೆನಲ್ಲ, "ಅಮ್ಮನಿಗೆ ನಾನು ಮಣ್ಣು ಹೊರೋದು ಇಷ್ಟ ಇಲ್ಲ" ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆಯಲ್ಲ, ಕಾರಣ ಇದು. ಇಳಿಯುತ್ತಿದ್ದ ರಂಜಕ ಏಳನೆಯ ಮಡಿಯಲ್ಲಿ ಮತ್ತೆ ಏರಿದೆ, ಮಣ್ಣು ತಾನೇ ಚೇತರಿಸಿಕೊಂಡಿದೆ ಎಂದು ನೀನು ಪರೀಕ್ಷಕರ ಮುಂದೆ ಹೇಳುವಾಗ ನಾನು ಹಿಂದಿನ ಸಾಲಿನಲ್ಲಿದ್ದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಹೊರಗೆ ಬಂದು ಕೊಳಾಯಿ ತಿರುಗಿಸಿ ಮುಖ ತೊಳೆದುಕೊಂಡೆ. ಪ್ರಬಂಧ ತಾನೇ, ಕಪಾಟಿನಲ್ಲಿ ಧೂಳು ತಿನ್ನುತ್ತದೆ, ಯಾರಿಗೆ ತೊಂದರೆ ಎಂದು ಸಮಾಧಾನ ಹೇಳಿಕೊಂಡೆ.

ಕರಪತ್ರ ಕಪಾಟಿನಲ್ಲಿ ಕೂರುವುದಿಲ್ಲ ಪುಟ್ಟಿ. ಜನ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ, ವಿಶ್ವವಿದ್ಯಾಲಯದವರು ಹೇಳಿದ ಮೇಲೆ ಮುಗಿಯಿತು ಎಂದು ಗೊಬ್ಬರ ನಿಲ್ಲಿಸುತ್ತಾರೆ. ಮೂರನೇ ವರ್ಷವೋ ನಾಲ್ಕನೇ ವರ್ಷವೋ ಅವರ ಹೊಲಗಳೆಲ್ಲ ಬಡಪಾಯಿಗಳಾಗುತ್ತವೆ. ಆಗ ಅವರು ಯಾರನ್ನು ಕೇಳಬೇಕು? ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಿನ್ನ ಹೆಸರು ಮಣ್ಣುಪಾಲಾಗುತ್ತದೆ, ಹೊಲವೂ ಹೋಗಬಹುದು, ನೀನು ನನ್ನ ಮುಖ ನೋಡದೆಯೂ ಇರಬಹುದು. ಆದರೂ ಗುರುವಾರ ಅದನ್ನು ಹೇಳಬೇಡ. ನಿಜ ಹೇಳು. ನನ್ನನ್ನು ಉಳಿಸಲು ಹೋಗಬೇಡ.

ಆ ಚೀಟಿ ಈ ಲಕೋಟೆಯಲ್ಲೇ ಇದೆ.

ನಿನ್ನ
ಅಮ್ಮ

*

ಮಾರ್ಚ್ ೧೨, ಗುರುವಾರ, ಸಂಜೆ

ಅಮ್ಮಾ,

ನಿನ್ನ ಪತ್ರ ನಿನ್ನೆ ಮಧ್ಯಾಹ್ನ ಬಂತು. ಕೂತುಕೊಂಡೇ ಓದಿದೆ. ಫೋನ್ ಮಾಡಲಿಲ್ಲ, ಮಾಡಿದ್ದರೆ ಕಿರುಚುತ್ತಿದ್ದೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಒಂದೇ ತಟ್ಟೆಯಲ್ಲಿ ಉಂಡು, ನಾನು ಆ ಮಡಿಯ ಮಣ್ಣು ಹೊತ್ತು ತಂದು ಅಡುಗೆಮನೆಯಲ್ಲಿ ಒಣಗಿಸುವಾಗ ಅದನ್ನು ದಾಟಿಕೊಂಡು ಓಡಾಡಿದೆಯಲ್ಲ, ಬಾಯಿ ಬಿಡಲಿಲ್ಲವಲ್ಲ ಎಂದು ನನ್ನ ಮೈ ಉರಿಯಿತು. ಈಗಲೂ ಉರಿಯುತ್ತಿದೆ. ಸುಳ್ಳು ಯಾಕೆ ಹೇಳಲಿ.

ಇವತ್ತು ಹತ್ತೂವರೆಗೆ ಸಮಿತಿ ಸೇರಿತು. ಹನ್ನೊಂದು ಜನ, ಉದ್ದನೆ ಮೇಜು, ಎಲ್ಲರ ಮುಂದೆಯೂ ನನ್ನ ಕರಪತ್ರ. ನಿರ್ದೇಶಕರು ನಗುತ್ತಾ, "ಬನ್ನಿ ಬನ್ನಿ, ನಮ್ಮ ಹೊಲ ಉಳಿಸೋರು ಬಂದ್ರು" ಎಂದು ಕರೆದರು. ಎದ್ದು ನಿಂತೆ. ಕರಪತ್ರವನ್ನು ವಾಪಸ್ಸು ಪಡೆಯುತ್ತಿದ್ದೇನೆ, ಏಳನೆಯ ಮಡಿಗೆ ಇಪ್ಪತ್ತೊಂಬತ್ತು ವರ್ಷದ ಹಿಂದೆ ತಪ್ಪಿನಿಂದ ರಂಜಕ ಬಿದ್ದಿದೆ, ದಾಖಲೆಯ ಅಂಕಿ ಸುಳ್ಳು ಎಂದೆ. ನಿನ್ನ ಚೀಟಿಯನ್ನು ಮೇಜಿನ ಮೇಲಿಟ್ಟೆ. ಕುಲಸಚಿವರು ಆಗ ದಾಖಲೆ ಬರೆದವರು ಯಾರು ಎಂದು ಕೇಳಿದರು. ಅಲ್ಲಿದ್ದ ಅರ್ಧ ಜನಕ್ಕೆ ಉತ್ತರ ಗೊತ್ತಿತ್ತು, ಆದರೂ ನನ್ನ ಬಾಯಿಂದಲೇ ಕೇಳಬೇಕಿತ್ತು ಅವರಿಗೆ. ನನ್ನ ತಾಯಿ ಎಂದೆ.

ಕರಪತ್ರ ನಿಂತಿತು. ನೀನು ಕೇಳಿದ್ದು ಅದನ್ನು ತಾನೇ, ಅದಾಯಿತು. ಹೊಲದ ವಿಚಾರವನ್ನು ಮುಂದಿನ ಸಭೆಗೆ ಹಾಕಿದ್ದಾರೆ. ಸಭಾಂಗಣದ ಪರವಾಗಿದ್ದವರು ಅರವತ್ತು ವರ್ಷದ ಕಸ ಎಂದರು. ಸಂಖ್ಯಾಶಾಸ್ತ್ರದ ಮುದುಕರೊಬ್ಬರು ಮಾತ್ರ, "ತಪ್ಪು ಎಲ್ಲಿದೆ ಅಂತ ಗೊತ್ತಾದ್ಮೇಲೆ ಅದು ಕಸ ಅಲ್ರೀ, ಈಗ ಲೆಕ್ಕಕ್ಕೆ ಬಂತು" ಎಂದು ಜಗಳಕ್ಕೆ ನಿಂತರು. ಏನಾಗುತ್ತದೋ ಗೊತ್ತಿಲ್ಲ.

ನನಗೆ ಏನೂ ಆಗಲಿಲ್ಲ. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ನಿರ್ದೇಶಕರು ಬಾಗಿಲವರೆಗೆ ಬಂದು, "ನೀವು ಏನ್ಮಾಡ್ತೀರಿ, ಕೊಟ್ಟ ಅಂಕಿ ನಂಬಿದ್ರಿ. ಸ್ವಂತ ತಾಯಿನೇ ಹೀಗ್ಮಾಡಿದ್ರೂ ಮುಚ್ಚಿಡ್ಲಿಲ್ವಲ್ಲ, ದೊಡ್ಡ ಮನಸ್ಸು" ಎಂದರು. ನಾನು ತಲೆಯಾಡಿಸಿದೆ. ಥ್ಯಾಂಕ್ಸ್ ಸಾರ್ ಎಂದೂ ಹೇಳಿದೆ. ಕಾರಿಡಾರಿನಲ್ಲಿ ಬರುವಾಗ ಇಬ್ಬರು ನಿನ್ನ ಬಗ್ಗೆ ಕೆಟ್ಟದಾಗಿ ಮಾತಾಡಿಕೊಳ್ಳುತ್ತಿದ್ದರು, ಕೇಳಿಸಿಕೊಂಡು ಸುಮ್ಮನೆ ದಾಟಿ ಬಂದೆ.

ಊಟ ಬಿಡಬೇಡ. ದೊಡ್ಡಮ್ಮನಿಗೆ ಏನು ಹೇಳಬೇಕೋ ನೀನೇ ಹೇಳು.

ನಿನ್ನ
ಪುಟ್ಟಿ

ವಿ.ಸೂ.: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಕೊಯ್ಲಿನ ದಿನ ಗೊತ್ತಾಯಿತು, ಮಡಿ ಪೂರ್ತಿ ಹರಡಿದ್ದೆ ಎಂದು ಬರೆದಿದ್ದೀಯ. ಅಲ್ಲಮ್ಮ. ಎಂಟು ವರ್ಷದ ಹಿಂದೆ ನಾನು ಆ ಮಡಿಯಲ್ಲಿ ಎಂಟು ಕಡೆ ಅಗೆದು ಮಣ್ಣು ತೆಗೆದೆ. ನಾಲ್ಕರಲ್ಲಿ ರಂಜಕ ತುಂಬಿತ್ತು, ನಾಲ್ಕರಲ್ಲಿ ಏನೇನೂ ಇರಲಿಲ್ಲ, ನಡುವೆ ನೂಲು ಹಿಡಿದಂತೆ ನೇರ ಗೆರೆ. ಮಣ್ಣು ತಾನಾಗಿ ಚೇತರಿಸಿಕೊಂಡರೆ ಹಾಗೆ ಗೆರೆ ಎಳೆದು ನಿಲ್ಲುವುದಿಲ್ಲ. ಅದು ಕೈ ನಿಂತ ಜಾಗ. ಮಡಿಯ ನಡುವೆಯೇ ನಿನಗೆ ತಪ್ಪು ಗೊತ್ತಾಗಿದೆ, ಮೂರು ಚೀಲಕ್ಕೆ ನಿಲ್ಲಿಸಿದ್ದೀಯ. ಆ ಹೊಲದಲ್ಲಿ ಗೊಬ್ಬರ ಹರಡುತ್ತಿದ್ದ ಕೈ ಒಂದೇ ಎಂಬುದು ನನಗೆ ಅವತ್ತೇ ಹೊಳೆಯಿತು. ನಿನ್ನನ್ನು ಕೇಳಿದರೆ ನೀನು ನಿಜ ಹೇಳಿಬಿಡುತ್ತೀಯ ಎಂದು ಹೆದರಿ ಕೇಳಲಿಲ್ಲ. ಗೆರೆ ಯಾರಿಗೂ ಕಾಣದ ಹಾಗೆ ಎಂಟನ್ನೂ ಕೂಡಿಸಿ ಎಂಟರಿಂದ ಭಾಗಿಸಿ ಸರಾಸರಿ ಬರೆದೆ, ಡಾಕ್ಟರೇಟು ತೆಗೆದುಕೊಂಡೆ. ಇವತ್ತು ಸಮಿತಿಗೆ ನಿನ್ನ ತಪ್ಪು ಮಾತ್ರ ಹೇಳಿ ಬಂದಿದ್ದೇನೆ. ನನ್ನದನ್ನು ಹೇಳಲು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಿರ್ದೇಶಕರ ಹತ್ತಿರ ಹೋಗುತ್ತಿದ್ದೇನೆ. ಒಂಬತ್ತೂವರೆಗೆ ಫೋನ್ ಮಾಡಿ ಹೋದೆಯಾ ಎಂದು ಕೇಳು. ಈ ಸಲ "ಆಮೇಲೆ" ಅನ್ನುವುದಕ್ಕೆ ಬಿಡಬೇಡ.